ಬೇವಿನ ಮರಕ್ಕೆ ಎಸೆದ ತಟ್ಟೆ

ತಿಪ್ಪೇಶಪ್ಪನಿಗೆ ಬೆನ್ನುಮೂಳೆ ಇಲ್ಲ. ಇದು ನಾನು ಅವನು ಇಲ್ಲದಾಗ ಹೇಳುತ್ತಿರುವ ಮಾತಲ್ಲ, ಎದುರಿಗೇ ಹೇಳಿದ್ದೇನೆ. "ಹೌದು ಮೇಡಂ" ಎಂದ. ಅಲ್ಲ ಎಂದು ಒಂದು ಮಾತು ಹೇಳಿದ್ದರೂ ನನ್ನ ಅಭಿಪ್ರಾಯವನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳುತ್ತಿದ್ದೆ.

ಪಿಯುಸಿಯಲ್ಲಿ ಅವನು ನನ್ನ ವಿದ್ಯಾರ್ಥಿ. ಸೋದರಮಾವ ಹೇಳಿದನೆಂದು ನಾನು ಕಲಿಸುತ್ತಿದ್ದ ಭೌತಶಾಸ್ತ್ರ ತೆಗೆದುಕೊಂಡ. ಅಣ್ಣ ಹೇಳಿದನೆಂದು ಅದನ್ನು ಬಿಟ್ಟ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಯಾರೋ ಹೇಳಿದರೆಂದು ದಾವಣಗೆರೆಗೆ ಹೋಗಿ ಚಿತ್ರಕಲೆ ಕಲಿತು ಬಂದ. ಈಗ ಜಗಳೂರಿನ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಅವನ ಮಗಳಿಗೆ ಮೂರು ಹೆಸರು. ಅವ್ವನ ಒತ್ತಾಯಕ್ಕೆ ಮನೆಯಲ್ಲಿ ತಿಪ್ಪಮ್ಮ, ತಂಗಿಯ ಆಸೆಗೆ ಶಾಲೆಯಲ್ಲಿ ಅನಿತಾ, ಹೆಂಡತಿಯ ತವರಿನಲ್ಲಿ ಇನ್ನೊಂದು. ಆ ಮಗು ಯಾವ ಹೆಸರಿಗೆ ಕರೆದರೂ ಬರುತ್ತದೆ, ಅಪ್ಪನ ಹಾಗೆಯೇ.

ಶಾಲೆಯ ಮುಂದಿನ ಗೋಡೆಯ ಮೇಲೆ ಕರ್ನಾಟಕದ ನಕ್ಷೆ ಬರೆಯಲು ಹೇಳಿದವರು ಮುಖ್ಯೋಪಾಧ್ಯಾಯ ಬಸವರಾಜಪ್ಪನವರು. ಬರೆಯುತ್ತಿದ್ದಾಗ ದಾರಿಯಲ್ಲಿ ಹೋಗುವವರೆಲ್ಲ ನಿಂತು ಸಲಹೆ ಕೊಟ್ಟರು. ಒಬ್ಬರಿಗೆ ನವಿಲು ಬೇಕಾಯಿತು, ಇನ್ನೊಬ್ಬರಿಗೆ ಟ್ರ್ಯಾಕ್ಟರು ಬೇಕಾಯಿತು. ಈಗ ಆ ನಕ್ಷೆಯಲ್ಲಿ ಬೀದರಿನ ಮೇಲೆ ನವಿಲು ಕೂತಿದೆ, ಬಳ್ಳಾರಿಯಿಂದ ಹಾಸನದವರೆಗೆ ಒಂದು ಟ್ರ್ಯಾಕ್ಟರು ನಿಂತಿದೆ, ಜಗಳೂರು ಅದರ ಚಕ್ರದ ಕೆಳಗೆ ಇದೆ.

"ನಮ್ಮನೆಯವ್ರಿಗೆ ದೇವ್ರು ಬಾಯಿ ಕೊಡೋ ಹೊತ್ತಿಗೆ 'ಇಲ್ಲ' ಅನ್ನೋ ಮಾತಿನ ಸ್ಟಾಕು ಮುಗ್ದೋಗಿತ್ತು ಕಣ್ರಿ ಮೇಡಂ," ಎಂದು ಅವನ ಹೆಂಡತಿ ನಾಗರತ್ನ ಒಮ್ಮೆ ನನ್ನ ರವಿಕೆಯ ಅಳತೆ ತೆಗೆದುಕೊಳ್ಳುತ್ತ ಹೇಳಿದಳು. ಆಕೆ ಹೊಲಿಗೆ ಹೊಲಿಯುತ್ತಾಳೆ, ಮಾತೂ ಹಾಗೆಯೇ, ಸಡಿಲ ಬಿಡುವುದಿಲ್ಲ.

ಇಂಥವನ ಕೈಗೆ ಫ್ರಿಸ್ಬಿ ತಂಡ ಬಂದದ್ದು ಹೇಗೆಂದು ವಿವರಿಸಬೇಕಾಗಿಲ್ಲ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇತ್ತು. ಬೇರೆ ಎಲ್ಲ ಶಿಕ್ಷಕರೂ ಆಗುವುದಿಲ್ಲ ಎಂದರು.

ಆಟವನ್ನು ತಂದವರು ಯಾವುದೋ ಸಂಸ್ಥೆಯ ಇಬ್ಬರು ಹುಡುಗರು. ಒಂದು ವಾರ ಇದ್ದು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಒಂದೊಂದು ಶಾಲೆಗೆ ಕೆಲವು ಡಿಸ್ಕುಗಳನ್ನು ಕೊಟ್ಟು, ವರ್ಷಕ್ಕೊಮ್ಮೆ ನಾಲ್ಕೂ ತಂಡಗಳು ಸೇರಿ ಆಡಬೇಕು ಎಂದು ಹೇಳಿ ಹೋದರು. ಮಕ್ಕಳು ಡಿಸ್ಕನ್ನು ತಟ್ಟೆ ಎನ್ನುತ್ತಾರೆ. ನೋಡಲು ಊಟದ ತಟ್ಟೆಯನ್ನು ಬೋರಲು ಹಾಕಿದಂತೆಯೇ ಇರುತ್ತದೆ. ಒಂದೊಂದು ಕಡೆಗೆ ಏಳು ಮಂದಿ, ಹುಡುಗರು ಹುಡುಗಿಯರು ಒಂದೇ ತಂಡದಲ್ಲಿ. ತಟ್ಟೆ ಕೈಗೆ ಬಂದವರು ಓಡುವಂತಿಲ್ಲ, ಎದುರಾಳಿ ಹತ್ತು ಎಣಿಸುವುದರೊಳಗೆ ಇನ್ನೊಬ್ಬರಿಗೆ ಎಸೆಯಬೇಕು. ನೆಲಕ್ಕೆ ಬಿದ್ದರೆ ಆಟ ಎದುರಿನವರದು. ಹೀಗೆ ಕೈಯಿಂದ ಕೈಗೆ ಸಾಗಿಸಿ, ಎದುರಾಳಿಯ ತುದಿಯ ಪಟ್ಟಿಯೊಳಗೆ ನಿಂತು ಹಿಡಿದರೆ ಒಂದು ಪಾಯಿಂಟು. ಅಂಪೈರು ಇರುವುದಿಲ್ಲ. ತಪ್ಪಾಯಿತೋ ಇಲ್ಲವೋ ಎಂದು ಆಡುವವರೇ ಹೇಳಬೇಕು. ಇಷ್ಟು ತಿಳಿದರೆ ಮುಂದಿನದು ಅರ್ಥವಾಗುತ್ತದೆ.

ಕಳೆದ ವರ್ಷ ಚನ್ನಗಿರಿಯಲ್ಲಿ ನಡೆದ ಪಂದ್ಯಗಳಲ್ಲಿ ಜಗಳೂರು ಮೂರೂ ಆಟ ಸೋತಿತು. ಸೋತದ್ದು ದೊಡ್ಡದಲ್ಲ, ಮೂರು ಆಟದಲ್ಲಿ ಒಂದು ಪಾಯಿಂಟೂ ಬರಲಿಲ್ಲ. ಈ ವರ್ಷ ಶಾಲೆ ಶುರುವಾದ ಮೇಲೆ ಬಸವರಾಜಪ್ಪನವರು ತಂಡವನ್ನು ಕರೆದು ನಿಲ್ಲಿಸಿ ಹೇಳಿದರು.

"ಗೆದ್ದು ಬರ್ರಿ ಅಂತ ನಾನೇನು ಹೇಳಲ್ಲ. ಒಂದೇ ಒಂದು ಪಾಯಿಂಟು ತರ್ರಿ. ಅದೂ ಆಗ್ಲಿಲ್ಲಾಂದ್ರೆ ತಟ್ಟೆಗಳ್ನ ಬೀರುವಿಗೆ ಹಾಕಿ ಬೀಗ ಜಡೀತೀನಿ. ಸಂಜೆ ಆ ಹೊತ್ತಿಗೆ ಗಣಿತದ ಸ್ಪೆಷಲ್ ಕ್ಲಾಸು."

ಬಿಳಿಚೋಡಿನಿಂದ ಬಸ್ಸಿನಲ್ಲಿ ಬರುವ ಒಂಬತ್ತನೇ ತರಗತಿಯ ಚೈತ್ರಾ ಕೇಳಿದಳು. "ಸಾ, ಹುಡುಗ್ರಿಗೆ ಕಬಡ್ಡಿ ಐತೆ. ನಮಗೆ ಇದೊಂದೇ ಸಾ ಆಟ. ಇದು ಹೋದ್ರೆ ನಾವೇನ್ ಆಡಾದು?"

"ಅದ್ಕೇ ಒಂದು ಪಾಯಿಂಟು ತರ್ರಿ ಅಂದೆ," ಎಂದು ಬಸವರಾಜಪ್ಪನವರು ಒಳಗೆ ಹೋದರು. ಅವರು ಕೆಟ್ಟವರಲ್ಲ. ಫಲಿತಾಂಶ ಕಡಿಮೆಯಾದರೆ ಮೇಲಿನವರು ಕೇಳುವುದು ಅವರನ್ನು.

ಅಭ್ಯಾಸ ಶುರುವಾಯಿತು. ಮೈದಾನ ನನ್ನ ಮನೆಗೆ ಅಂಟಿಕೊಂಡೇ ಇದೆ, ನಾನು ಶಾಲೆಯ ಸಮಿತಿಯಲ್ಲಿಯೂ ಇದ್ದೇನೆ. ನೋಡಲು ಹೋದ ಮೊದಲ ಸಂಜೆ ತಿಪ್ಪೇಶಪ್ಪ ತರಗತಿಯಿಂದ ಒಂದು ಬೆಂಚನ್ನು ತಾನೇ ಹೊತ್ತು ತಂದು ಮೈದಾನದ ಅಂಚಿಗೆ ಹಾಕಿ, ಟವೆಲಿನಿಂದ ಒರೆಸಿ, "ಕೂತ್ಕಳ್ರಿ ಮೇಡಂ" ಎಂದ. ಮರುದಿನ ಬಸವರಾಜಪ್ಪನವರು ಬಂದು ಅದರ ಮೇಲೆ ಕೂತರು. ಅದರ ಮರುದಿನ ಎದುರಿನ ಗೊಬ್ಬರದ ಅಂಗಡಿಯ ಜಯಪ್ಪನೂ ಬಂದ. ಪ್ರಾಯದಲ್ಲಿ ಕಬಡ್ಡಿ ಆಡಿದವನು, ಆಗಿನ ಮಂಡಿಯ ನೋವನ್ನು ಈಗಲೂ ಪದಕದಂತೆ ತೋರಿಸುತ್ತಾನೆ. ಬೆಂಚಿನ ಮೇಲೆ ಕೂತವರು ಸುಮ್ಮನಿರುವುದು ಲೋಕದಲ್ಲಿ ಎಲ್ಲಿಯೂ ಇಲ್ಲ.

ತಿಪ್ಪೇಶಪ್ಪನ ಫೋನಿನಲ್ಲಿ ಆ ಸಂಸ್ಥೆಯವರು ಕಳಿಸಿದ ವಿಡಿಯೋಗಳಿದ್ದವು, ಬಗೆಬಗೆಯ ಅಭ್ಯಾಸಗಳು. ಇಬ್ಬಿಬ್ಬರು ಎದುರುಬದುರು ನಿಂತು ಎಸೆಯುವುದು ಒಂದು. ನಡುವೆ ಒಬ್ಬ ಕೈ ಅಗಲಿಸಿ ತಡೆಯುವುದು ಇನ್ನೊಂದು, ಇದಕ್ಕೆ ಮಕ್ಕಳು ಅಡ್ಡಗೋಡೆ ಎಂದು ಹೆಸರಿಟ್ಟರು. ನಾಲ್ಕು ಮೂಲೆಗೆ ಕಲ್ಲಿಟ್ಟು ಸುತ್ತುತ್ತ ಹಿಡಿಯುವುದನ್ನು ಚೌಕಾಬಾರ ಎಂದರು. ಎರಡೋ ಮೂರೋ ಆರಿಸಿ, ತಿಂಗಳುಗಟ್ಟಲೆ ಅದನ್ನೇ ಮಾಡಿಸಿದರೆ ಕೈ ಕೂರುತ್ತದೆ. ಯಾವ ಕಲಿಕೆಗೂ ಅದೇ ನಿಯಮ. ಆದರೆ ಆರಿಸುವುದೆಂದರೆ ಉಳಿದದ್ದಕ್ಕೆ ಇಲ್ಲ ಎನ್ನುವುದು.

"ಮೇಷ್ಟ್ರೇ, ಕಾಲಿಗೆ ಕಸುವಿಲ್ದೆ ಯಾವ ಆಟನೂ ಆಡಾಕೆ ಆಗಲ್ಲ," ಎಂದ ಜಯಪ್ಪ. "ಬಸ್ಕಿ ಹೊಡೆಸ್ರಿ. ಆಮೇಲೆ ಕಪ್ಪೆ ಥರ ಕುಪ್ಪಳಿಸ್ಲಿ."

"ಆಗ್ಲಿ ಜಯಪ್ಪಣ್ಣ."

"ದೂರ ಎಸಿಯೋದು ಕಲಿಸ್ರಿ ತಿಪ್ಪೇಶಪ್ಪ," ಎಂದರು ಬಸವರಾಜಪ್ಪ. "ಈ ತುದೀಲಿ ನಿಂತು ಎಸುದ್ರೆ ಆ ತುದಿಗೆ ಹೋಗ್ಬೇಕು. ಒಂದೇ ಏಟಿಗೆ ಪಾಯಿಂಟು. ಇದೇನಿದು, ಕೈಯಿಂದ ಕೈಗೆ ಕೊಟ್ಕಂಡು ಕುಂತ್ರೆ ಯಾವಾಗ ಮುಟ್ತೀರಿ?"

"ಆಗ್ಲಿ ಸರ್."

ತಟ್ಟೆ ಏಕೆ ನೆಟ್ಟಗೆ ಹಾರುತ್ತದೆ ಎಂಬುದು ಮಕ್ಕಳಿಗೆ ಗೊತ್ತಿರಬೇಕು, ತಿರುಗುವ ವಸ್ತು ತನ್ನ ಸಮತಲವನ್ನು ಬಿಟ್ಟುಕೊಡುವುದಿಲ್ಲ ಎಂದು ಕಲಿಸಬೇಕು ಎಂದೆ ನಾನು. "ಆಗ್ಲಿ ಮೇಡಂ" ಎಂದ. ಮರುದಿನ ಮಕ್ಕಳನ್ನು ಸಾಲಾಗಿ ಕೂರಿಸಿ ನನ್ನಿಂದ ಪಾಠ ಹೇಳಿಸಿದ. ಪಾಠ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಬಿಳಿಚೋಡಿನ ಬಸ್ಸಿನ ಹೊತ್ತಾಯಿತು.

ಹೀಗೆ ಬಂದವರೆಲ್ಲ ಒಂದೊಂದು ಸೇರಿಸಿದರು. ಯಾವುದನ್ನೂ ಯಾರೂ ತೆಗೆಯಲಿಲ್ಲ. ಒಂದು ತಾಸಿನ ಅಭ್ಯಾಸದಲ್ಲಿ ಬಸ್ಕಿ, ಕಪ್ಪೆ, ಅಡ್ಡಗೋಡೆ, ಚೌಕಾಬಾರ, ದೂರದ ಎಸೆತ, ಜೊತೆಗೆ ಆ ದಿನ ಬೆಂಚಿಗೆ ಬಂದ ಹೊಸಬರ ಆಸೆ. ಮಕ್ಕಳು ಒಂದಕ್ಕೆ ಕೈ ಹಾಕುವಷ್ಟರಲ್ಲಿ ಪೀಪಿ ಕೇಳಿಸುತ್ತಿತ್ತು, ಮುಂದಿನದು. ಪ್ರದೀಪ್ ಎಂಬ ಉದ್ದ ಕೈಯ ಹುಡುಗ ಒಂದು ದಿನ ಕೇಳಿಯೇ ಬಿಟ್ಟ. "ಸಾ, ಆಟ ಯಾವಾಗ ಆಡ್ಸ್ತೀರಾ ಸಾ? ಇದು ಮದ್ವೆ ಮನೆ ಊಟ ಆದಂಗಾತು. ಎಲ್ಲಾ ಬಡಿಸ್ತಾರೆ, ತಿನ್ನೋಕೆ ಬಿಡವಲ್ಲರು."

ಬೆಂಚಿನಲ್ಲಿ ಕೂತಿದ್ದವರೆಲ್ಲ ನಕ್ಕರು. ತಿಪ್ಪೇಶಪ್ಪನೂ ನಕ್ಕ, "ಆಗ್ಲಿ, ಆಡೋಣ" ಎಂದ, ಬಸ್ಕಿಗೆ ಪೀಪಿ ಊದಿದ.

ಇಷ್ಟಾದರೂ ಒಂದು ಸಂಗತಿ ಎಲ್ಲರ ಮನಸ್ಸಿಗೂ ಧೈರ್ಯ ತಂದಿತ್ತು. ಮಕ್ಕಳು ಎಸೆಯುವುದನ್ನು ಕಲಿತಿದ್ದರು. ಆಷಾಢದಲ್ಲಿ ಜಗಳೂರಿನಲ್ಲಿ ಪಡುವಣದ ಗಾಳಿ ಎದ್ದರೆ ಸಂಜೆಯ ಹೊತ್ತು ಅದು ಹಿಡಿದ ಹಟ ಬಿಡುವುದಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಸುಮ್ಮನೆ ಅಲ್ಲಿ ನೆಟ್ಟಿಲ್ಲ. ನಮ್ಮ ಮೈದಾನ ತೆಂಕಣದಿಂದ ಬಡಗಣಕ್ಕೆ ಉದ್ದ, ಗಾಳಿ ಅಡ್ಡಡ್ಡ ಬೀಸುತ್ತದೆ. ಮೂಡಣದ ಅಂಚಿನಲ್ಲಿ ಜಾಲಿಯ ಬೇಲಿ. ಮೊದಮೊದಲು ತಟ್ಟೆಗಳೆಲ್ಲ ಹಾರಿ ಹಾರಿ ಆ ಮುಳ್ಳಿನೊಳಗೆ ಬೀಳುತ್ತಿದ್ದವು, ತೆಗೆಯಲು ಹೋದವರ ಕೈ ಕೊಯ್ಯುತ್ತಿತ್ತು. ಮುಳ್ಳಿನಷ್ಟು ಚೆನ್ನಾಗಿ ಪಾಠ ಹೇಳುವ ಮೇಷ್ಟ್ರು ಇಲ್ಲ. ಮಕ್ಕಳು ತಾವಾಗಿಯೇ ಒಂದು ಉಪಾಯ ಕಂಡುಕೊಂಡರು. ಪಡುವಣದ ಅಂಚಿನ ಬಡಗಣ ತುದಿಯಲ್ಲಿ ಒಂದು ಬೇವಿನ ಮರವಿದೆ, ತೆಂಕಣ ತುದಿಯಲ್ಲಿ ನೀರಿನ ಟ್ಯಾಂಕಿದೆ. ಬಡಗಣಕ್ಕೆ ಎಸೆಯುವವರು ಗೆಳೆಯನತ್ತ ಎಸೆಯದೆ ಬೇವಿನ ಮರದತ್ತ ಎಸೆಯಬೇಕು. ತೆಂಕಣಕ್ಕೆ ಎಸೆಯುವವರು ಟ್ಯಾಂಕಿನತ್ತ. ಗಾಳಿ ಅದನ್ನು ಬಳಸಿಕೊಂಡು ತಂದು ಗೆಳೆಯನ ಕೈಗೆ ಹಾಕುತ್ತದೆ.

"ಬೇವು! ಬೇವು!" ಎಂದು ಕೂಗುತ್ತ ಎಸೆಯುತ್ತಿದ್ದರು. ನೋಡಲು ಬಹಳ ಚೆನ್ನಾಗಿತ್ತು. ಎಲ್ಲಿಗೋ ಹೊರಟ ತಟ್ಟೆ ಅರ್ಧದಾರಿಯಲ್ಲಿ ಮನಸ್ಸು ಬದಲಿಸಿ ಬಂದು ಕೈ ಸೇರುತ್ತಿತ್ತು. ಬಸವರಾಜಪ್ಪನವರು ತಲೆದೂಗಿದರು. ಜಯಪ್ಪ, "ಇದು ಬಸ್ಕಿ ಪ್ರಭಾವ," ಎಂದ. ಈ ಬಾರಿ ಒಂದಲ್ಲ, ನಾಲ್ಕಾರು ಪಾಯಿಂಟು ಬರುತ್ತವೆ ಎಂದು ಬೆಂಚು ತೀರ್ಮಾನಿಸಿತು.

ಈ ವರ್ಷದ ಪಂದ್ಯಗಳು ಹೊನ್ನಾಳಿಯಲ್ಲಿ. ಬಾಡಿಗೆ ಟೆಂಪೋದಲ್ಲಿ ಬೆಳಗಿನ ಜಾವವೇ ಹೊರಟೆವು. ಬಿಳಿಚೋಡಿನಲ್ಲಿ ಚೈತ್ರಾ ಅಜ್ಜಿ ದುರುಗಮ್ಮನ ಜೊತೆ ರಸ್ತೆಗೆ ಬಂದು ನಿಂತಿದ್ದಳು. ದುರುಗಮ್ಮ ಟೆಂಪೋದ ಕಿಟಕಿಗೆ ಬಂದು ತಿಪ್ಪೇಶಪ್ಪನಿಗೆ, "ಮೇಷ್ಟ್ರೇ, ಏನೋ ಒಂದು ಪಾಯಿಂಟಂತೆ, ಅದ್ನ ಕೊಡ್ಸಿ ಕರ್ಕಂಡ್ ಬರ್ರಿ. ರಾತ್ರಿಯೆಲ್ಲಾ ಹೊಳ್ಳಾಡೈತೆ ಹುಡುಗಿ," ಎಂದಳು.

"ಆಗ್ಲಿ ಅಜ್ಜಿ," ಎಂದ ಅವನು, ಪಾಯಿಂಟು ಅಂಗಡಿಯಲ್ಲಿ ಸಿಗುವ ವಸ್ತು ಎಂಬಂತೆ.

ಹೊನ್ನಾಳಿಯ ಮೈದಾನ ಹೊಳೆಯಿಂದ ದೂರವಿಲ್ಲ. ಸುತ್ತ ಆಳೆತ್ತರಕ್ಕಿಂತ ಎತ್ತರದ ಕಾಂಪೌಂಡು, ಪಡುವಣಕ್ಕೆ ಮೂರಂತಸ್ತಿನ ಕಟ್ಟಡ, ಮಿಕ್ಕ ಕಡೆ ದಟ್ಟ ಮರಗಳು. ಹಸಿರು ಹುಲ್ಲು ನೋಡಿ ನಮ್ಮ ಮಕ್ಕಳು ಚಪ್ಪಲಿ ಬಿಟ್ಟು ಓಡಾಡಿದರು. ಕಂಬದ ಮೇಲಿನ ಬಾವುಟ ಬಟ್ಟೆ ಒಣಹಾಕಿದಂತೆ ಜೋತುಬಿದ್ದಿತ್ತು. ಅದನ್ನು ನಾನು ನೋಡಿದೆ. ನೋಡಿದ್ದರ ಅರ್ಥ ಮೊದಲ ಆಟ ಶುರುವಾದ ಮೇಲೆ ತಿಳಿಯಿತು.

ಚನ್ನಗಿರಿಯವರ ಮೇಲೆ ಮೊದಲ ಆಟ. ಪ್ರದೀಪ್ ತಟ್ಟೆ ಹಿಡಿದ, ಅಭ್ಯಾಸದಂತೆ ಮೈ ತಿರುಗಿಸಿ ಎಸೆದ. ತಟ್ಟೆ ಹೊರಟಿತು. ಮನಸ್ಸು ಬದಲಿಸಲಿಲ್ಲ. ನೆಟ್ಟಗೆ ಹೋಗಿ ಗೆರೆ ದಾಟಿ, ಕಟ್ಟಡದ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ ನ್ಯಾಮತಿಯ ಮಕ್ಕಳ ನಡುವೆ ಬಿತ್ತು. ಚೈತ್ರಾ ಎಸೆದಳು, ಅದೂ ಹಾಗೆಯೇ. ಇನ್ನೊಬ್ಬಳು ಎಸೆದಳು. ಒಬ್ಬರ ಎಸೆತವೂ ಕೈ ಸೇರಲಿಲ್ಲ. ಇಡೀ ಆಷಾಢ ಬೇವಿನ ಮರಕ್ಕೆ ಗುರಿಯಿಟ್ಟ ಮಕ್ಕಳು ಇಲ್ಲಿಯೂ ಬೇವಿನ ಮರಕ್ಕೇ ಎಸೆಯುತ್ತಿದ್ದರು. ತಂದು ಕೊಡಬೇಕಾದ ಗಾಳಿ ಜಗಳೂರಿನಲ್ಲಿ ಉಳಿದಿತ್ತು.

"ಏಯ್, ಜಗಳೂರಿನೋರೇ, ನಾವಿನ್ನೂ ಆಡಾಕೆ ಬಂದಿಲ್ಲ ಕಣ್ರೋ, ನಮಗ್ಯಾಕೆ ಪಾಸ್ ಕೊಡ್ತೀರಾ?" ಎಂದು ಮೆಟ್ಟಿಲ ಮೇಲಿನ ನ್ಯಾಮತಿಯ ಒಬ್ಬ ಹುಡುಗ ಕೂಗಿದ. ಎಲ್ಲ ಕಡೆ ನಗು.

ಆ ಆಟದಲ್ಲಿ ಸೊನ್ನೆ. ಹೊನ್ನಾಳಿಯವರ ಮೇಲಿನ ಎರಡನೇ ಆಟದಲ್ಲಿಯೂ ಸೊನ್ನೆ. ಅಷ್ಟು ಹೊತ್ತಿಗೆ ನಮ್ಮ ಮಕ್ಕಳು ಎಸೆಯಲು ಹೆದರಿ, ತಟ್ಟೆ ಹಿಡಿದು ನಿಂತು, ಎದುರಿನವರು ಹತ್ತು ಎಣಿಸುವುದನ್ನು ಬೈಗುಳ ಕೇಳಿಸಿಕೊಂಡಂತೆ ಕೇಳಿಸಿಕೊಳ್ಳುತ್ತಿದ್ದರು. ಉಳಿದದ್ದು ನ್ಯಾಮತಿಯ ಮೇಲಿನ ಒಂದು ಆಟ, ಅದಕ್ಕೆ ಮೊದಲು ಸ್ವಲ್ಪ ಬಿಡುವು.

ಮಕ್ಕಳು ನೆರಳಿಗೆ ಬಂದು ಕೂತರು. ಚೈತ್ರಾ ಯಾರ ಮುಖವನ್ನೂ ನೋಡದೆ ಹುಲ್ಲು ಕೀಳುತ್ತಿದ್ದಳು. ಪ್ರದೀಪ್ ಮಾತ್ರ ನಗಿಸಲು ನೋಡಿದ. "ಸಾ, ಒಂದ್ ಕೆಲ್ಸ ಮರ್ತ್ವಿ. ಬೇವಿನ ಮರನೂ ಟೆಂಪೋದಾಗೆ ಹಾಕ್ಕೊಂಡು ಬರ್ಬೇಕಿತ್ತು." ಯಾರೂ ನಗಲಿಲ್ಲ.

ಬೆಂಚು ಅಲ್ಲಿರಲಿಲ್ಲವಾದರೂ ಬೆಂಚಿನವರೆಲ್ಲ ಅಲ್ಲಿದ್ದೆವು. ಈ ಬಿಡುವಿನಲ್ಲಿ ಒಂದೇ ಒಂದು ಅಭ್ಯಾಸ ಮಾಡಿಸಲು ಹೊತ್ತಿತ್ತು. ಯಾವುದು ಎಂದು ಈಗಲಾದರೂ ಆರಿಸಬೇಕಿತ್ತು.

"ಬೆವರು ಆರಿಬಿಟ್ಟೈತೆ, ಒಂದ್ ರೌಂಡು ಓಡಿಸ್ರಿ, ಬಸ್ಕಿ ಹೊಡೆಸ್ರಿ," ಎಂದ ಜಯಪ್ಪ.

"ಆಗ್ಲಿ ಜಯಪ್ಪಣ್ಣ."

"ಗಾಳಿ ಇಲ್ಲ ಅಂದ್ಮೇಲೆ ಇನ್ನೂ ಒಳ್ಳೇದಾತಲ್ರಿ! ದೂರ ಎಸಿಯೋದು ಮಾಡಿಸ್ರಿ. ಒಂದೇ ಏಟು," ಎಂದರು ಬಸವರಾಜಪ್ಪ. ಅವರ ದನಿಯಲ್ಲಿ ಕೋಪಕ್ಕಿಂತ ಗಾಬರಿ ಹೆಚ್ಚಿತ್ತು. ಬೀಗ ಜಡಿಯುತ್ತೇನೆ ಎಂದವರಿಗೆ ಬೀಗ ಜಡಿಯುವ ಮನಸ್ಸಿಲ್ಲ ಎಂದು ಆಗ ತಿಳಿಯಿತು.

"ಆಗ್ಲಿ ಸರ್."

ಮಕ್ಕಳಿಗೆ ಕಾರಣ ವಿವರಿಸಬೇಕು, ಅಲ್ಲಿ ಗಾಳಿಯ ಬಲ ಪಕ್ಕದಿಂದ ಬೀಳುತ್ತಿತ್ತು, ಇಲ್ಲಿ ಅದು ಸೊನ್ನೆ, ಆದ್ದರಿಂದ ಎಸೆಯುವ ಕೋನ ಬದಲಾಗಬೇಕು ಎಂದು ನಾನು ಹೇಳಿದೆ. ಹೇಳಿದ್ದು ಸರಿಯಾಗಿಯೇ ಇತ್ತು.

"ಆಗ್ಲಿ ಮೇಡಂ," ಎಂದು ಮಕ್ಕಳತ್ತ ಹೋದ. ನಾವು ಮೂವರೂ ಹಿಂದೆಯೇ ಹೋದೆವು.

ಚೈತ್ರಾ ಎದ್ದು ನಿಂತಳು. "ಸಾ, ದೂರ ನಿಂತ್ರೆ ಕೈ ತಾನೇ ಬೇವಿನ ಕಡೀಗೆ ಹೋಗ್ತೈತೆ ಸಾ. ಎಷ್ಟ್ ಹೇಳ್ಕಂಡ್ರೂ ಕೇಳವಲ್ದು. ಹತ್ರ ನಿಂತ್ಕಂಡು ಕೊಡೋದಷ್ಟೇ ಮಾಡನ ಸಾ. ಕೊಟ್ಟಂಗೆ, ಎಸೆದಂಗಲ್ಲ."

"ಆಗ್ಲಿ," ಎಂದ ತಿಪ್ಪೇಶಪ್ಪ.

ಅದನ್ನೇ ಮಾಡಿಸಿದ. ಯಾಕೆಂದರೆ ಕೊನೆಯಲ್ಲಿ ಮಾತಾಡಿದವಳು ಅವಳು. ಅವಳ ನಂತರ ಜಯಪ್ಪ ಬಾಯಿ ತೆರೆದಿದ್ದರೆ ಬಸ್ಕಿಯೇ ಗತಿಯಾಗುತ್ತಿತ್ತು ಎಂದು ಆಗ ನಾನು ಅಂದುಕೊಂಡೆ. ಜಯಪ್ಪನಿಗೆ ಅವಕಾಶ ಸಿಗಲಿಲ್ಲ, ತಿಪ್ಪೇಶಪ್ಪ ಅಷ್ಟರಲ್ಲಿ ಪೀಪಿ ಊದಿದ್ದ. ಇಬ್ಬಿಬ್ಬರು ಎದುರುಬದುರು, ನಾಲ್ಕೈದು ಹೆಜ್ಜೆಯ ಅಂತರ. ಕೊಡುವುದು, ತೆಗೆದುಕೊಳ್ಳುವುದು. ಫೋನಿನ ವಿಡಿಯೋಗಳಲ್ಲಿ ಎಲ್ಲಕ್ಕಿಂತ ಮೊದಲು ಇದ್ದದ್ದು ಇದೇ. ಬಸವರಾಜಪ್ಪನವರು ತಲೆ ಮೇಲೆ ಕೈ ಇಟ್ಟುಕೊಂಡು, "ಪ್ರಸಾದ ಹಂಚ್ತಾರೇನ್ರೀ ಇವ್ರು?" ಎಂದರು.

ನ್ಯಾಮತಿಯವರ ಮೇಲಿನ ಆಟ ಶುರುವಾಯಿತು. ಅವರು ಚುರುಕು. ಬೇಗ ಬೇಗ ಪಾಯಿಂಟು ಮಾಡಿದರು. ನಮ್ಮವರು ತಟ್ಟೆ ಸಿಕ್ಕಾಗೆಲ್ಲ ಹತ್ತಿರದವರಿಗೆ ಕೊಟ್ಟರು. ಅವರು ಇನ್ನೂ ಹತ್ತಿರದವರಿಗೆ ಕೊಟ್ಟರು. ಟ್ಯಾಂಕರು ಬಂದಾಗ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಂತೆ ಇತ್ತು. ನೋಡಲು ಏನೂ ಚೆನ್ನಾಗಿರಲಿಲ್ಲ. ಆದರೆ ತಟ್ಟೆ ನೆಲಕ್ಕೆ ಬೀಳುವುದು ಕಡಿಮೆಯಾಯಿತು. ಮೈದಾನದ ನಡುವಿನವರೆಗೆ ಹೋಗಿ ಕಳೆದುಕೊಂಡರು. ಇನ್ನೊಮ್ಮೆ ಅದಕ್ಕಿಂತ ಮುಂದೆ ಹೋಗಿ ಕಳೆದುಕೊಂಡರು. ನ್ಯಾಮತಿಯ ಹುಡುಗರು ನಗುವುದನ್ನು ನಿಲ್ಲಿಸಿ ಎದುರು ನಿಲ್ಲತೊಡಗಿದರು.

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ನಮ್ಮ ತಟ್ಟೆ ಅವರ ತುದಿಯ ಪಟ್ಟಿಯ ಹತ್ತಿರ ಬಂದಿತ್ತು. ಪ್ರದೀಪ್ ಕೈಯಲ್ಲಿತ್ತು. ಚೈತ್ರಾ ಒಳಕ್ಕೆ ಓಡಿದಳು, ಅವನು ಕೊಟ್ಟ, ಅವಳು ಎರಡೂ ಅಂಗೈ ನಡುವೆ ಬಿಗಿದು ಹಿಡಿದಳು. ನಮ್ಮ ಕಡೆಯವರೆಲ್ಲ ಕೂಗಿದರು. ಜಯಪ್ಪ ಮಂಡಿ ನೋವು ಮರೆತು ಎಗರಿದ. ಅವಳ ಎದುರಿಗಿದ್ದ ನ್ಯಾಮತಿಯ ಹುಡುಗಿ ಏನೂ ಹೇಳದೆ ಪಕ್ಕಕ್ಕೆ ಸರಿದಳು. ಅವಳು ನೋಡುತ್ತಿದ್ದದ್ದು ತಟ್ಟೆಯನ್ನು, ಕಾಲನ್ನಲ್ಲ.

ಚೈತ್ರಾ ತನ್ನ ಕಾಲನ್ನು ನೋಡಿಕೊಂಡಳು. ಹಿಮ್ಮಡಿಗೆ ಸುಣ್ಣ ಮೆತ್ತಿತ್ತು.

"ಗೆರೆ ಮೇಲೈತೆ," ಎಂದಳು. "ಪಾಯಿಂಟ್ ಅಲ್ಲ."

ಬಸವರಾಜಪ್ಪನವರಿಗೆ ಮೈಮೇಲಿನ ಹಿಡಿತ ತಪ್ಪಿತು. "ಏಯ್ ಚೈತ್ರಾ! ಒಳಗೈತೆ ಕಣೇ ಕಾಲು! ನಾನ್ ನೋಡ್ದೆ! ತಿಪ್ಪೇಶಪ್ಪ, ಏನ್ ನಿಂತ್ಕಂಡೀರಿ, ಹೋಗ್ರಿ, ಒಳಗೋಗಿ ಹೇಳ್ರಿ ಒಳಗೈತೆ ಅಂತ!"

"ಆಗ್ಲಿ ಸರ್," ಎಂದ ತಿಪ್ಪೇಶಪ್ಪ. ಎರಡು ಹೆಜ್ಜೆ ಹೋದ. ಅಲ್ಲಿ ಬಗ್ಗಿ ತನ್ನ ಚಪ್ಪಲಿಯ ಪಟ್ಟಿಯನ್ನು ಬಿಚ್ಚಿದ. ಮತ್ತೆ ಹಾಕಿದ. ಇನ್ನೊಂದು ಕಾಲಿನದನ್ನು ಬಿಚ್ಚತೊಡಗಿದ. ಒಳಗೆ ಹೋಗಲು ಹೆದರಿ ನಾಟಕ ಮಾಡುತ್ತಿದ್ದಾನೆ ಎಂದು ನನಗೆ ಅನುಮಾನವೇ ಇರಲಿಲ್ಲ.

ಆಟದ ನಿಯಮದಂತೆ ತಟ್ಟೆ ಇನ್ನೂ ಚೈತ್ರಾಳ ಕೈಯಲ್ಲೇ ಇತ್ತು. ಅವಳು ಗೆರೆಯ ಅಂಚಿನಲ್ಲಿ ನಿಂತಳು. ನ್ಯಾಮತಿಯ ಹುಡುಗಿ ಕೈ ಅಗಲಿಸಿ ಎಣಿಸತೊಡಗಿದಳು. "ಒಂದು... ಎರಡು... ಮೂರು..." ನಮ್ಮ ಒಬ್ಬ ಹುಡುಗ ಪಟ್ಟಿಯ ದೂರದ ಮೂಲೆಯಲ್ಲಿ ಖಾಲಿ ಜಾಗದಲ್ಲಿ ನಿಂತು ಕೈ ಬೀಸುತ್ತಿದ್ದ. "ದೂರ ಎಸಿ! ದೂರ ಎಸಿಯೇ!" ಎಂದು ಬಸವರಾಜಪ್ಪನವರ ದನಿ ಒಡೆಯಿತು. ಚೈತ್ರಾ ಅತ್ತ ನೋಡಲೂ ಇಲ್ಲ. "ಆರು... ಏಳು..." ಪ್ರದೀಪ್ ಎದುರಾಳಿಯ ಬೆನ್ನು ಬಳಸಿ ಪಟ್ಟಿಯೊಳಗೆ ನುಗ್ಗಿ ಅವಳಿಂದ ನಾಲ್ಕು ಹೆಜ್ಜೆಗೆ ಬಂದ. ಅವಳು ಬಗ್ಗಿ, ಅಡ್ಡ ಹಿಡಿದ ಕೈಯ ಕೆಳಗಿನಿಂದ ಕೊಟ್ಟಳು. ಎಸೆಯಲಿಲ್ಲ, ಕೊಟ್ಟಳು.

ಅವನು ತೆಗೆದುಕೊಂಡ. ಎರಡೂ ಕಾಲು ಪಟ್ಟಿಯೊಳಗೇ ಇದ್ದವು. ಗೆರೆಯಿಂದ ಎಷ್ಟು ದೂರ ಇದ್ದವೆಂದರೆ, ನ್ಯಾಮತಿಯವರೇ ಮೊದಲು ಚಪ್ಪಾಳೆ ತಟ್ಟಿದರು.

ಆಟ ನಾವು ಸೋತೆವು. ಎಷ್ಟಕ್ಕೆ ಎಂದು ಆಮೇಲೆ ಯಾರೂ ಕೇಳಲಿಲ್ಲ. ಬಸವರಾಜಪ್ಪನವರು ಕಟ್ಟಡದ ಮೆಟ್ಟಿಲ ಮೇಲೆ ಕೂತು ಕರವಸ್ತ್ರದಿಂದ ಮುಖ ಒರೆಸಿಕೊಂಡು, ಒರೆಸಿಕೊಂಡ ಜಾಗವನ್ನೇ ಮತ್ತೆ ಒರೆಸಿಕೊಂಡರು. ಜಯಪ್ಪ ಸಿಕ್ಕಸಿಕ್ಕವರಿಗೆಲ್ಲ ಬಸ್ಕಿಯ ಮಹಿಮೆ ಹೇಳಿದ. ಬೆಳಗಿನಿಂದ ಇಲ್ಲದ ಹಸಿವು ನನಗೆ ಆಗ ಆಯಿತು. ಒಂದು ಪಾಯಿಂಟು ಎಂಬುದು ಇಷ್ಟು ದೊಡ್ಡ ಮನುಷ್ಯರನ್ನು ಇಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಎಂದು ನಾನು ನಂಬಿರಲಿಲ್ಲ.

ಚೈತ್ರಾ ಬಂದು ಬಸವರಾಜಪ್ಪನವರ ಎದುರು ನಿಂತಳು. ಕಾಲಿನ ಸುಣ್ಣ ಹಾಗೆಯೇ ಇತ್ತು. "ಸಾ, ಮುಂದ್ಲ ವರ್ಷನೂ ಆಟ ಐತಾ ಸಾ?"

"ಐತೆ, ಐತೆ. ಹೋಗು, ನೀರು ಕುಡಿ," ಎಂದರು. ಅವಳು ಹೋದ ಮೇಲೆ, "ಗಣಿತ ಬೆಳಿಗ್ಗೆ ಇಟ್ಕೊಂಡ್ರಾತು," ಎಂದು ಯಾರಿಗೂ ಅಲ್ಲದಂತೆ ಹೇಳಿದರು.

ದಾವಣಗೆರೆಯಲ್ಲಿ ಟೆಂಪೋ ನಿಲ್ಲಿಸಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಮಕ್ಕಳು ಒಬ್ಬರ ಬಾಯಿಯ ಖಾರ ಇನ್ನೊಬ್ಬರು ನೋಡಿ ನಗುತ್ತಿದ್ದರು. ಬಿಳಿಚೋಡಿನಲ್ಲಿ ದುರುಗಮ್ಮ ರಸ್ತೆಯಲ್ಲೇ ಕಾಯುತ್ತಿದ್ದಳು. "ಸಿಕ್ತೇನ್ರೀ?" ಎಂದಳು. "ಸಿಕ್ತು ಅಜ್ಜಿ," ಎಂದ ತಿಪ್ಪೇಶಪ್ಪ. ಅಷ್ಟೇ ಮಾತು. ಆಕೆ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ತಳ್ಳಿಕೊಂಡು ಮನೆಯತ್ತ ನಡೆದಳು.

ಅಲ್ಲಿಂದ ಜಗಳೂರಿನವರೆಗೆ ಮುಂದಿನ ವರ್ಷದ ಮಾತು. ಜಯಪ್ಪನಿಗೆ ಹಗ್ಗ ಜಿಗಿಯುವುದು ಸೇರಬೇಕಿತ್ತು. ಬಸವರಾಜಪ್ಪನವರು ದೂರದ ಎಸೆತವನ್ನು ಇನ್ನೂ ಬಿಟ್ಟಿರಲಿಲ್ಲ. ಗಾಳಿ ಇದ್ದಾಗ ಒಂದು ದಿನ, ಇಲ್ಲದ ಜಾಗ ಹುಡುಕಿ ಒಂದು ದಿನ ಅಭ್ಯಾಸ ಮಾಡಿಸಿ ವ್ಯತ್ಯಾಸ ತೋರಿಸಬೇಕು ಎಂದು ನಾನೂ ಹೇಳಿದೆ. ತಿಪ್ಪೇಶಪ್ಪ ಎಲ್ಲಕ್ಕೂ "ಆಗ್ಲಿ" ಎಂದ. ಒಂದು ದಿನದಲ್ಲಿ ಮನುಷ್ಯನಿಗೆ ಬೆನ್ನುಮೂಳೆ ಬೆಳೆಯುವುದಿಲ್ಲ ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

ಸೋಮವಾರ ಸಂಜೆ ಎಂದಿನಂತೆ ಮೈದಾನಕ್ಕೆ ಹೋದೆ. ಮಕ್ಕಳು ಆಗಲೇ ಬಂದಿದ್ದರು. ಗಾಳಿ ಎಂದಿನಂತೆ ಬೇವನ್ನು ಬಗ್ಗಿಸುತ್ತಿತ್ತು. ಬೆಂಚು ಅಲ್ಲಿರಲಿಲ್ಲ. ಅದರ ನಾಲ್ಕು ಕಾಲಿನ ಗುರುತು ಮಾತ್ರ ಮಣ್ಣಿನಲ್ಲಿತ್ತು.

ತಿಪ್ಪೇಶಪ್ಪ ಎದುರು ಬಂದ. "ಇಲ್ಲಿ ಬಿಸ್ಲು ಬೀಳ್ತೈತೆ ಮೇಡಂ. ಆ ಕಡೆ ಹಾಕೀನಿ, ನೆಳ್ಳೈತೆ, ಬರ್ರಿ," ಎಂದು ನನ್ನನ್ನು ಕಟ್ಟಡ ಬಳಸಿ ಕರೆದೊಯ್ದ. ಶಾಲೆಯ ಆಚೆ ಬದಿಯಲ್ಲಿ, ಹೊಂಗೆ ಮರದ ಕೆಳಗೆ, ರಸ್ತೆಗೆ ಮುಖಮಾಡಿ ಬೆಂಚು ಇತ್ತು. ಪಕ್ಕದಲ್ಲಿ ಮಣ್ಣಿನ ಹೂಜಿ, ಮೇಲೆ ಲೋಟ, ಆ ದಿನದ ಪೇಪರು. ಜಯಪ್ಪ ಮತ್ತು ಬಸವರಾಜಪ್ಪನವರು ಆಗಲೇ ಕೂತು ಯಾವುದೋ ಲಾರಿಯ ಬಗ್ಗೆ ವಾದ ಮಾಡುತ್ತಿದ್ದರು. ನೆರಳು ತಂಪಾಗಿತ್ತು. ಅಲ್ಲಿಂದ ಮೈದಾನದ ಒಂದು ಚೂರೂ ಕಾಣುವುದಿಲ್ಲ.

"ಇವತ್ತು ಯಾವುದು ಮಾಡಿಸ್ತೀಯಾ?" ಎಂದು ಕೇಳಿದೆ.

ಅವನು ಹೆಗಲ ಮೇಲಿನ ಟವೆಲು ತೆಗೆದು, ನಾನು ಕೂರಬೇಕಾದ ಜಾಗವನ್ನು ಚೆನ್ನಾಗಿ ಒರೆಸಿದ. "ನೋಡ್ತೀನಿ ಮೇಡಂ," ಎಂದು ಹೇಳಿ, ಕಟ್ಟಡದ ಮೂಲೆ ತಿರುಗಿ ಹೋದ. ಸ್ವಲ್ಪ ಹೊತ್ತಿಗೆ ಪೀಪಿ ಒಮ್ಮೆ ಕೇಳಿಸಿತು. ಬಿಳಿಚೋಡಿನ ಬಸ್ಸಿನ ಹೊತ್ತಾಗುವವರೆಗೂ ಮತ್ತೆ ಕೇಳಿಸಲಿಲ್ಲ.